ಬೀಗ ಹಾಕಿದ ಮನೆಯಲ್ಲಿ ಬೇಳೆ

ದಸರಾ ರಜೆ ಮುಗಿಯುವುದರೊಳಗೆ ನಾನು ಭದ್ರಾವತಿಯ ಕಾಲೇಜಿಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ತಿಳಿಸಬೇಕಿತ್ತು. ಅಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೇಸಿಗೆಯಿಂದ ರಜೆಯ ಮೇಲಿದ್ದೆ. ಪ್ರಿನ್ಸಿಪಾಲರು ಫೋನಿನಲ್ಲಿ ಸೌಜನ್ಯದಿಂದಲೇ ಹೇಳಿದ್ದರು: "ನಿಮ್ಮ ಕಷ್ಟ ಅರ್ಥ ಆಗುತ್ತೆ ಮೇಡಂ. ಆದ್ರೆ ಕಾಲೇಜು ಶುರುವಾಗೋ ಮುಂಚೆ ಹೇಳಿಬಿಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಕಷ್ಟ ಎಂದರೆ, ಐದನೆಯ ತಿಂಗಳು ನಡೆಯುತ್ತಿದ್ದಾಗ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಬರುವುದಿಲ್ಲ. ಮೈ ಬೇಗ ಸರಿಹೋಯಿತು. ಮನಸ್ಸಿನ ಬಗ್ಗೆ ಕೇಳಿದವರಿಗೆ ಪರವಾಗಿಲ್ಲ ಎನ್ನುತ್ತಿದ್ದೆ, ಅದು ಸುಳ್ಳಾಗಿರಲಿಲ್ಲ. ಹಲ್ಲು ಕೀಳಿಸಿದ ಮೇಲೆ ಇಂಜೆಕ್ಷನ್ ಇಳಿಯುವ ತನಕ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ.

ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡ ಪುಸ್ತಕ ಓದುವ ಒಂದು ಇ-ರೀಡರ್ ತಂದುಕೊಟ್ಟಿದ್ದರು. ಮಾತು ಬೇಡವಾದಾಗ ಮುಖದೆದುರು ಹಿಡಿದುಕೊಳ್ಳಲು ಅದು ಅನುಕೂಲವಾಗಿತ್ತು. ಪುಟದ ಕೆಳಗೆ ಶೇಕಡಾ ಎಷ್ಟು ಓದಿಯಾಯಿತು ಎಂದು ಅದು ತೋರಿಸುತ್ತದೆ. ನಾನು ಬೆರಳು ಒತ್ತುತ್ತಿದ್ದೆ, ಅಂಕಿ ಏರುತ್ತಿತ್ತು. ಬೇಸರವಾದರೆ ಇನ್ನೊಂದು ಪುಸ್ತಕ ಇಳಿಸಿಕೊಳ್ಳುತ್ತಿದ್ದೆ. ಓದಿದ್ದರಲ್ಲಿ ಒಂದು ಪಾತ್ರದ ಹೆಸರೂ ನೆನಪಿಲ್ಲ.

ವಿನೋಬನಗರದ ಮನೆಯಲ್ಲಿ ನಾವು ನಾಲ್ಕು ಜನ. ನನ್ನ ಗಂಡ ಆಯನೂರಿನ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುತ್ತಾರೆ. ಮಾವ ಭದ್ರಾವತಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಅತ್ತೆ ಅಷ್ಟೂ ವರ್ಷ ಅಲ್ಲಿ ನ್ಯೂಟೌನಿನ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದವರು. ಅಕ್ಕಪಕ್ಕದ ತಮಿಳರಿಂದ ಕಲಿತ ಮಾತು ಈಗಲೂ ಅವರ ಬಾಯಲ್ಲಿ ಬರುತ್ತದೆ. ಸಿಟ್ಟು ಬಂದರೆ ದೇವರೇ ಎನ್ನುವ ಬದಲು "ಅಯ್ಯೋ ಕಡವುಳೇ" ಎನ್ನುತ್ತಾರೆ. ನಾನು ದಿನಾ ಭದ್ರಾವತಿಗೆ ಹೋಗಿಬರುತ್ತಿದ್ದಾಗ ಸಂಜೆ ಅವರ ಮೊದಲ ಪ್ರಶ್ನೆ ಅಲ್ಲಿನದೇ. ಬಸ್‌ಸ್ಟ್ಯಾಂಡಿನ ಹತ್ತಿರದ ಹೂವಿನವಳು ಇದ್ದಾಳಾ, ಭದ್ರಾ ಹೊಳೆಯಲ್ಲಿ ನೀರು ಎಷ್ಟಿದೆ, ಹಳೇ ಸೇತುವೆ ಮುಳುಗಿತಾ. ನಾನು ಗಮನಿಸಿರುತ್ತಿರಲಿಲ್ಲ. ಆದರೂ ಏನೋ ಹೇಳುತ್ತಿದ್ದೆ.

ಈ ಮನೆಯ ಮಧ್ಯಾಹ್ನದ ಊಟಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಹನ್ನೊಂದಕ್ಕೆ ಮಾವ ಪೂಜೆ ಮುಗಿಸುತ್ತಾರೆ. ಆಗ ಒಲೆಯಿಂದ ಇಳಿಸಿದ ಬಿಸಿ ಅನ್ನ, ಬಿಸಿ ಹುಳಿ ನೈವೇದ್ಯಕ್ಕೆ ಬೇಕು. ಸ್ನಾನ ಮಾಡಿದವರೇ ಅಡುಗೆ ಮಾಡಬೇಕು. ನೈವೇದ್ಯವಾಗುವ ತನಕ ಯಾರೂ ಉಣ್ಣುವಂತಿಲ್ಲ. ಅತ್ತೆ ಗಟ್ಟಿಯಾಗಿದ್ದ ತನಕ ಇದೆಲ್ಲ ತಾನಾಗಿ ನಡೆಯುತ್ತಿತ್ತು, ನಾನು ಏಳೂವರೆಯ ಬಸ್ಸಿಗೆ ಹೊರಟುಬಿಡುತ್ತಿದ್ದೆ. ಮಳೆಗಾಲದಲ್ಲಿ ಅವರ ಮೊಣಕಾಲಿನ ಆಪರೇಷನ್ ಆಯಿತು. ಒಲೆಯ ಮುಂದೆ ನಿಂತು ಅಡುಗೆ ಮಾಡುವ ಮಾತೇ ಇಲ್ಲ ಎಂದರು ಡಾಕ್ಟರು. ಅಡುಗೆಯವರನ್ನು ಇಡೋಣವೆಂದರೆ ಮಾವ ಬೇರೆಯವರು ಮಾಡಿದ ಅಡುಗೆ ಉಣ್ಣುವುದಿಲ್ಲ. ನಾನು ಮುಂಜಾನೆ ಮಾಡಿಟ್ಟು ಹೋದರೆ ಹನ್ನೊಂದಕ್ಕೆ ತಣ್ಣಗಾಗಿರುತ್ತದೆ. ಕೊನೆಗೆ ಉಳಿಯುವುದು ನಾನು ಮನೆಯಲ್ಲಿರುವುದು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನು ಹೇಗೂ ರಜೆಯಲ್ಲಿದ್ದೆ, ಅಡುಗೆ ಮಾಡುತ್ತಿದ್ದೆ, ಹನ್ನೊಂದಕ್ಕೆ ಬಡಿಸುತ್ತಿದ್ದೆ.

ಕಾಲೇಜಿಗೆ ಹೋಗಬೇಕೆಂದು ನನಗೆ ಆಸೆಯಿತ್ತೇ ಎಂದು ಕೇಳಿದರೆ ಉತ್ತರ ಗೊತ್ತಿಲ್ಲ. ಆಸೆ ಎನ್ನುವಂಥದ್ದು ಆಗ ಯಾವುದರ ಮೇಲೂ ಇರಲಿಲ್ಲ. ಆದರೆ ಮನೆಯಲ್ಲೇ ಇದ್ದುಬಿಟ್ಟರೆ ಹೀಗೇ ಇದ್ದುಬಿಡುತ್ತೇನೆ ಎಂಬುದು ಸ್ಪಷ್ಟವಾಗಿತ್ತು. ಅದನ್ನು ಲೆಕ್ಕದ ಉತ್ತರದ ಹಾಗೆ ನೋಡಬಲ್ಲವಳಾಗಿದ್ದೆ, ಭಯವೇನೂ ಆಗಿರಲಿಲ್ಲ.

ಸ್ಲೋ ಕುಕ್ಕರ್ ತರಿಸಿದ್ದು ನಾನೇ. ಒಳಗೆ ಪಿಂಗಾಣಿಯ ದಪ್ಪ ಮಡಕೆ, ಹೊರಗೆ ಕರೆಂಟಿನ ಕವಚ, ಮೇಲೆ ಗಾಜಿನ ಮುಚ್ಚಳ. ಸೀಟಿ ಹೊಡೆಯುವುದಿಲ್ಲ, ಉಕ್ಕುವುದಿಲ್ಲ. ಗಂಟೆಗಟ್ಟಲೆ ಮೆಲ್ಲಗೆ ಬೇಯಿಸಿ, ಬೆಂದ ಮೇಲೂ ಬಿಸಿಯಾಗಿ ಇಟ್ಟಿರುತ್ತದೆ. ಸ್ನಾನ ಮಾಡಿ ಏಳಕ್ಕೆ ಇಟ್ಟು ಹೋದರೆ ಹನ್ನೊಂದಕ್ಕೆ ಬಿಸಿ ಹುಳಿ. ಬೆಂದ ಬೇಳೆಗೆ ಮಸಾಲೆ, ಹುಣಸೆ ಬೆರೆಸಿ, ಅನ್ನವನ್ನು ಅತ್ತೆ ಕುರ್ಚಿಯಲ್ಲಿ ಕೂತು ಪುಟ್ಟ ಕುಕ್ಕರಿನಲ್ಲಿ ಮಾಡಿಕೊಳ್ಳಬಹುದು. ನನ್ನ ಎಣಿಕೆ ಇಷ್ಟೇ.

ಜೊತೆಗೆ ಬಂದ ಕೈಪಿಡಿಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವ ಅಡುಗೆಗಳೇ ಹೆಚ್ಚಾಗಿದ್ದವು. ನಾನು ಅದನ್ನು ಓದಿ ಹೇಳಿದ್ದೇ ತಡ, ಮಾವ ಕನ್ನಡಕ ತೆಗೆದು ನೆಟ್ಟಗೆ ಕೂತರು. ಅವರಿಗೆ ಇಂಥ ಪ್ರಶ್ನೆ ಸಿಕ್ಕಿ ಬಹಳ ದಿನವಾಗಿತ್ತು.

"ರಾತ್ರಿ ಇಟ್ಟಿದ್ದು ಬೆಳಿಗ್ಗೆ ಆಗುತ್ತೆ ಅಂದ್ರೆ, ಅದು ಯಾವತ್ತಿನ ಅಡುಗೆ? ನಿನ್ನೆದೋ, ಇವತ್ತಿಂದೋ?"

"ಬೆಂದ ದಿನದ್ದು," ಎಂದೆ.

"ಬೇಯೋಕೆ ಶುರುವಾಗಿದ್ದು ನಿನ್ನೆ. ನಡುವೆ ಸೂರ್ಯೋದಯ ಆಯ್ತು. ಅರ್ಧ ತಂಗಳು, ಅರ್ಧ ತಾಜಾ!"

"ಅದ್ಯಾಕೆ ತಲೆ ಕೆಡಿಸ್ಕೋತೀರಿ?" ಎಂದರು ಅತ್ತೆ. "ಅವಳು ಬೆಳಿಗ್ಗೆನೇ ಇಡ್ತೀನಿ ಅಂತಿದ್ದಾಳಲ್ಲ. ಮೇಷ್ಟ್ರಿಗೆ ಪಾಠ ಮಾಡೋಕೆ ಹುಡುಗರಿಲ್ಲ ಅಂತ ಮಡಕೆ ಹಿಡ್ಕೊಂಡು ಕೂತಿದ್ದೀರಿ."

ಅತ್ತೆಗೆ ಮಡಿಯಲ್ಲಿ ಅವರದೇ ಕಾನೂನುಗಳಿವೆ. ಆಪರೇಷನ್ನಿನ ನಂತರ ಹಗಲು ಕಳೆಯಲು ಅವರೂ ನನ್ನ ಇ-ರೀಡರ್ ತೆಗೆದುಕೊಳ್ಳತೊಡಗಿದ್ದರು. ಅಕ್ಷರವನ್ನು ಕಡಲೆಬೀಜದಷ್ಟು ದೊಡ್ಡದು ಮಾಡಿಕೊಟ್ಟಿದ್ದೆ. ಮೊದಲ ದಿನ ಅದರ ಹೊದಿಕೆಯನ್ನು ಮೂಸಿ ನೋಡಿ, "ಇದು ಚರ್ಮದ್ದಾ?" ಎಂದು ಕೇಳಿದರು. ಹೌದೆಂದೆ. ಎರಡು ಬೆರಳಲ್ಲಿ ಅದನ್ನು ಬಿಚ್ಚಿ ನನ್ನ ಕೈಗಿಟ್ಟು, ಬರಿಯ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡರು. ಪ್ಲಾಸ್ಟಿಕ್ಕಿಗೆ ಮೈಲಿಗೆ ಇಲ್ಲವಂತೆ. ಯಾವ ಶಾಸ್ತ್ರದಲ್ಲಿದೆ ಎಂದು ಮಾವ ಕೇಳಿದರು. "ನಮ್ಮಮ್ಮನ ಶಾಸ್ತ್ರದಲ್ಲಿ," ಎಂದರು. ಅವರಮ್ಮನ ಕಾಲದಲ್ಲಿ ಪ್ಲಾಸ್ಟಿಕ್ಕು ಎಷ್ಟಿತ್ತೋ ನನಗೆ ಗೊತ್ತಿಲ್ಲ.

ಕುಕ್ಕರಿನ ವಿಷಯದಲ್ಲಿ ಅತ್ತೆಯ ಅನುಮಾನ ಬೇರೆ. ಯಾರೂ ನೋಡಿಕೊಳ್ಳದೆ ಅದು ನಿಜವಾಗಿ ಬೇಯಿಸುತ್ತದೆಯೇ? ನಡುವೆ ಕೈಕೊಟ್ಟರೆ ಎದ್ದು ಗ್ಯಾಸ್ ಹಚ್ಚಿ ಅಷ್ಟು ಭಾರದ ಮಡಕೆ ಎತ್ತುವವರು ಯಾರು? ಮಾವ ಅಡುಗೆಮನೆಯಲ್ಲಿ ನೀರಿನ ಲೋಟಕ್ಕಿಂತ ದೊಡ್ಡದನ್ನು ಮುಟ್ಟಿದವರಲ್ಲ. ಅದೇ ಹೊತ್ತಿಗೆ ನನ್ನ ಗಂಡ ರಜೆಯಲ್ಲಿ ಒಂದು ದಿನ ಎಲ್ಲರೂ ಎಲ್ಲಿಗಾದರೂ ಹೋಗೋಣ ಎಂದು ಹಟ ಹಿಡಿದಿದ್ದರು. ಬೇಸಿಗೆಯಿಂದ ಆಸ್ಪತ್ರೆ ಬಿಟ್ಟರೆ ಯಾರೂ ಎಲ್ಲಿಗೂ ಹೋಗಿರಲಿಲ್ಲ. ಅತ್ತೆ ಎರಡನ್ನೂ ಸೇರಿಸಿಬಿಟ್ಟರು.

"ಅವತ್ತೇ ನಿನ್ನ ಮಡಕೆ ಪರೀಕ್ಷೆ ಆಗ್ಲಿ. ಬೇಳೆ ಇಟ್ಟು ಬೀಗ ಹಾಕ್ಕೊಂಡು ಹೋಗೋಣ. ಬಂದು ಮುಚ್ಚಳ ತೆಗೆದಾಗ ಬೆಂದಿರ್ಲಿ, ನೀನು ಕಾಲೇಜಿಗೆ ಹೋಗು. ನಾನು ಒಂದು ಮಾತೂ ಆಡಲ್ಲ. ಬೇಯ್ದೇ ಇದ್ರೆ ಈ ವರ್ಷ ಬಿಟ್ಬಿಡು, ಮನೇಲಿರು."

ಆಗಲಿ ಎಂದೆ. ನ್ಯಾಯವಾಗಿಯೇ ಇತ್ತು.

ಆ ದಿನ ಮಾವ ಬೇಗ ಪೂಜೆ ಮಾಡಿ ಹಾಲು ಹಣ್ಣಿನ ನೈವೇದ್ಯ ಮುಗಿಸಿದರು. ನಾನು ನೆನೆಸಿದ್ದ ತೊಗರಿಬೇಳೆ, ಬೂದುಗುಂಬಳ, ಅರಿಶಿನ, ನೀರು ಹಾಕಿ ಸ್ವಿಚ್ ಒತ್ತಿದೆ. ರುಬ್ಬಿದ ಮಸಾಲೆ, ಹುಣಸೆರಸ ಬೇರೆ ಬಟ್ಟಲಲ್ಲಿ ಫ್ರಿಜ್ಜಿನಲ್ಲಿದ್ದವು. ಹುಣಸೆ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ಅತ್ತೆಗೆ ಇದು ಅಡುಗೆಯಿಂದ ಗೊತ್ತು, ನನಗೆ ಪುಸ್ತಕದಿಂದಲೂ ಗೊತ್ತು. ಕುಕ್ಕರಿನ ಪುಟ್ಟ ಕೆಂಪು ದೀಪ ಹತ್ತಿದ್ದನ್ನು ಇಬ್ಬರೂ ನೋಡಿದೆವು. ಎಂದಿನಂತೆ ಮಾವ ಎಲ್ಲರಿಗಿಂತ ಕೊನೆಗೆ ಹೊರಬಂದು ಬೀಗ ಹಾಕಿ ಎರಡು ಸಲ ಎಳೆದು ನೋಡಿದರು.

ನನ್ನ ಗಂಡ ಕಾರನ್ನು ಸಾಗರದ ರಸ್ತೆಗೆ ತಿರುಗಿಸಿದರು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಗಳನ್ನು ಬಸ್ಸಿನಲ್ಲಿ ಕೂತೇ ನೋಡಬಹುದು, ಅತ್ತೆಯ ಕಾಲಿಗೆ ಒಳ್ಳೆಯದು ಎಂಬುದು ಅವರ ಯೋಚನೆ. ಸಫಾರಿ ಬಸ್ಸಿನ ತುಂಬ ರಜೆಯ ಜನ. ಎರಡು ಹುಲಿ ಕಂಡವು. ಒಂದು ನೆರಳಲ್ಲಿ ಕಾಲು ಚಾಚಿ ಮಲಗಿತ್ತು. ಹಿಂದಿನಿಂದ ಯಾರೋ ಕೂಗಿದರೂ ಕಿವಿ ಅಲುಗಿಸಲಿಲ್ಲ.

"ಇದನ್ನ ನೋಡೋಕೆ ಇಲ್ಲಿ ತನಕ ಬರ್ಬೇಕಿತ್ತಾ?" ಎಂದರು ಅತ್ತೆ. "ಊಟ ಆದ್ಮೇಲೆ ನಿಮ್ಮಪ್ಪನ್ನ ನೋಡಿದ್ರೆ ಸಾಕಿತ್ತು."

"ಅದಕ್ಕೆ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರೆ ಕಣೇ," ಎಂದರು ಮಾವ. "ನಂದು ಇವತ್ತು ಮಡಕೆ ಮೇಲೆ ನಿಂತಿದೆ."

ಮುಂದಿನ ಸೀಟಿನ ಹೆಂಗಸಿನ ಹೆಗಲ ಮೇಲೆ ಒಂದು ಮಗು ಇತ್ತು. ಅದು ನನ್ನನ್ನೇ ನೋಡುತ್ತಿತ್ತು, ನಾನೂ ನೋಡಿದೆ. ನನ್ನ ಗಂಡ ಗಾಬರಿಯಿಂದ ನನ್ನ ಮುಖ ನೋಡಿ, ಬೇಗನೆ ಕಿಟಕಿಯಾಚೆ ಏನನ್ನೋ ತೋರಿಸಿದರು. ಅವರು ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಮಗುವಿಗೆ ಶೀತವಾಗಿತ್ತು, ಮೂಗು ಒರೆಸಬೇಕಿತ್ತು. ಅಷ್ಟೇ ಅನ್ನಿಸಿದ್ದು.

ಇಷ್ಟು ದೂರ ಬಂದಿದ್ದೇವೆ, ನಿನ್ನ ಬ್ಯಾಂಕು ತೋರಿಸು ಎಂದು ಅತ್ತೆ ಮಗನಿಗೆ ಹೇಳಿದರು. ಆಯನೂರಿಗೆ ಹೋದೆವು. ರಜೆಯಾದ್ದರಿಂದ ಶಟರ್ ಎಳೆದಿತ್ತು. ಆದರೂ ಎಲ್ಲರೂ ಇಳಿದು ಶಟರ್ ನೋಡಿದೆವು. "ಒಳಗೆ ಬಲಗಡೆ ಮೂರನೇ ಟೇಬಲ್ಲು ನಂದು," ಎಂದರು ನನ್ನ ಗಂಡ. ಅತ್ತೆ ಅದು ಕಾಣಿಸಿತು ಎಂಬಂತೆ ತಲೆಯಾಡಿಸಿದರು. ಎದುರಿನ ಅಂಗಡಿಯವನು ನಾವು ಸಾಲಕ್ಕೆ ಬಂದವರು ಎಂದುಕೊಂಡು, "ನಾಳೆ ಬನ್ನಿ ಸ್ವಾಮಿ, ಇವತ್ತು ರಜಾ," ಎಂದು ಕೂಗಿ ಹೇಳಿದ. ಎಳನೀರು ಕುಡಿದು ಹೊರಟೆವು. ಮೂರು ಗಂಟೆಯ ಹೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು. ನನಗೂ ಆಗಿದ್ದಿರಬೇಕು.

ಮನೆಗೆ ಬಂದಾಗ ಮಾವ ಬೀಗ ತೆಗೆದು ಮುಂದೆ ಹೋದರು. ಬುಟ್ಟಿ ಹಿಡಿದುಕೊಂಡು ನಾನು ಅವರ ಹಿಂದೆಯೇ ಇದ್ದೆ. ಒಳಬಾಗಿಲ ಪಕ್ಕದಲ್ಲಿ ಮೀಟರ್ ಪೆಟ್ಟಿಗೆ ಇದೆ. ಅವರ ಕೈ ತಾನಾಗಿ ಮೇಲೆ ಹೋಗಿ ಮೇನ್ ಸ್ವಿಚ್ಚನ್ನು ಎತ್ತಿತು. ಟಕ್ ಎಂದಿತು. ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ ಎಂದು ಶುರುವಾಯಿತು.

ಭದ್ರಾವತಿಯಲ್ಲಿದ್ದಾಗ ಪಕ್ಕದ ಮನೆಯವರು ಊರಿಗೆ ಹೋಗಿದ್ದ ದಿನ ವೈರು ಸುಟ್ಟು ಅವರ ಮನೆಗೆ ಬೆಂಕಿ ಬಿದ್ದಿತ್ತಂತೆ. ಅಂದಿನಿಂದ ಮನೆಗೆ ಬೀಗ ಹಾಕುವುದೆಂದರೆ ಮಾವನಿಗೆ ಗ್ಯಾಸ್ ತಿರುಗಿಸುವುದು, ಮೇನ್ ಇಳಿಸುವುದು, ಬಾಗಿಲು ಎಳೆಯುವುದು. ಮೂರೂ ಸೇರಿ ಒಂದೇ ಕೆಲಸ. ಅಡುಗೆ ನಿನ್ನೆಯದೋ ಇವತ್ತಿನದೋ ಎಂದು ಚರ್ಚಿಸಿದವರು, ಅದು ಕರೆಂಟಿನಿಂದ ಬೇಯುತ್ತದೆ ಎಂಬುದನ್ನು ಹೊಸಿಲು ದಾಟುವಾಗ ಮರೆತಿದ್ದರು.

ಅವರು ತಿರುಗಿ ನನ್ನನ್ನು ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು. ಅಷ್ಟರಲ್ಲಿ ಅತ್ತೆ ಮಗನ ತೋಳು ಹಿಡಿದು ಒಳಗೆ ಬಂದರು.

"ಯಾಕೆ, ಕರೆಂಟ್ ಇಲ್ವಾ?"

"ಹೋಗಿತ್ತೇನೋ," ಎಂದರು ಮಾವ. "ಈಗ ಬಂತು."

ಅತ್ತೆ ಸೀದಾ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದರು. ನೀರಿನ ತಳದಲ್ಲಿ ಬೇಳೆ ಹಾಗೇ ಕೂತಿತ್ತು. ಮೇಲೆ ತೆಳ್ಳಗೆ ನೊರೆ. ಬೂದುಗುಂಬಳದ ಹೋಳುಗಳು ಹಸಿಯಾಗಿ ತೇಲುತ್ತಿದ್ದವು. ಅವರು ಎರಡು ಕಾಳು ತೆಗೆದು ಹಿಸುಕಿ ನೋಡಿದರು.

"ಕಡವುಳೇ! ನೆನೆದಿದೆ ಅಷ್ಟೇ. ನೋಡಿದ್ಯಾ? ಕರೆಂಟ್ ಹೋದ್ರೆ ಇದರ ಗತಿ ಇಷ್ಟೇ. ನಮ್ಮೂರಲ್ಲಿ ಕರೆಂಟ್ ಹೋಗದ ದಿನ ಯಾವುದಿದೆ?" ಅವರ ದನಿಯಲ್ಲಿ ಗೆಲುವಿರಲಿಲ್ಲ. ಬೇಸರವೇ ಇತ್ತು. "ಆಯ್ತು ಬಿಡು ಪುಟ್ಟಿ. ಕಾಲೇಜಿಗೆ ಒಂದು ಫೋನ್ ಮಾಡಿ ಹೇಳ್ಬಿಡು. ಈ ವರ್ಷ ಮನೇಲಿರು. ಮೈಯೂ ಸುಧಾರಿಸ್ಕೊಳ್ಳುತ್ತೆ."

ಮಾವ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದರು. ನಾನು ಒಂದು ವಾಕ್ಯ ಹೇಳಬೇಕಿತ್ತು. ಅದು ಪೂರ್ತಿಯಾಗಿ, ವ್ಯಾಕರಣಶುದ್ಧವಾಗಿ ನನ್ನೊಳಗೆ ಸಿದ್ಧವಿತ್ತು. ಅದನ್ನು ಹೊರಗೆ ತರಲು ಬೇಕಾದದ್ದು ಏನೋ ಇರಲಿಲ್ಲ. "ಸರಿ," ಎಂದೆ. ಬೇಳೆಯನ್ನು ಸುರಿದು ಮಡಕೆ ತೊಳೆದೆ. ನನ್ನ ಗಂಡ ಉಪ್ಪಿಟ್ಟು ಮಾಡಿದರು. ಅದು ಗಂಟುಗಂಟಾಗಿತ್ತು, ಯಾರೂ ದೂರಲಿಲ್ಲ. ಮಾವ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕಾಂಪೌಂಡಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೋಡೆಯಾಚೆ ಪಕ್ಕದ ಮನೆಯವರು ಹೂ ಕೊಯ್ಯುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅತ್ತೆ ನಿನ್ನೆಯ ಕತೆ ಹೇಳುತ್ತಿದ್ದರು. ಹುಲಿ, ಶಟರು, ಕೊನೆಗೆ ಕರೆಂಟು.

"ಯಾವ ಕರೆಂಟು?" ಎಂದರು ಪಕ್ಕದವರು. "ನಿನ್ನೆ ಹೋಗೇ ಇಲ್ಲ ಮಾರಾಯ್ತಿ. ಬೆಳಿಗ್ಗೆಯಿಂದ ನಾನು ದೋಸೆ ಹಿಟ್ಟು, ಇಡ್ಲಿ ಹಿಟ್ಟು ಎಲ್ಲಾ ರುಬ್ಬಿದ್ದೀನಿ. ನಮ್ಮನೆಯವ್ರು ಮ್ಯಾಚ್ ಹಾಕ್ಕೊಂಡು ಕದಲಲೇ ಇಲ್ಲ."

ಆಮೇಲೆ ಅತ್ತೆ ಕೋಲು ಊರಿಕೊಂಡು ಒಳಗೆ ಬಂದರು. ಮಾವ ಪೇಪರು ಓದುತ್ತಿದ್ದರು.

"ರೀ. ನಿನ್ನೆ ಹೋಗುವಾಗ ಮೇನ್ ಇಳಿಸಿದ್ರಾ?"

ಮಾವ ಪೇಪರು ಮಡಿಸಿದರು. "ಬೀಗ ಹಾಕುವಾಗ ಇಳಿಸ್ದೇ ಇರ್ತೀನಾ?"

"ಒಳಗೆ ಬೇಳೆ ಇತ್ತಲ್ರೀ!"

"ಅದು ಆಮೇಲೆ ಹೊಳೀತು."

"ಆಮೇಲೆ ಹೊಳೆದವ್ರು ಆಮೇಲಾದ್ರೂ ಬಾಯಿ ಬಿಡ್ಬೇಕೋ ಬೇಡ್ವೋ? ಕರೆಂಟ್ ಹೋಗಿತ್ತೇನೋ ಅಂತೆ! ಹುಡುಗರಿಗೆ ಸತ್ಯ ಹೇಳಿ ಅಂತ ಬೆತ್ತ ತಗೊಂಡು ಪಾಠ ಮಾಡಿದ್ದು ಇದಕ್ಕಾ?"

"ಹೇಳೋಣ ಅಂತಲೇ ಇದ್ದೆ." ಮಾವ ನನ್ನತ್ತ ನೋಡಿದರು. ಆಮೇಲೆ, ಸೋತ ಹುಡುಗನಂತೆ, "ಇವಳೂ ನೋಡಿದ್ಲು. ಇವಳಾದ್ರೂ ಹೇಳ್ಬಹುದಿತ್ತು," ಎಂದರು.

"ನಿಮ್ಮ ಮರ್ಯಾದೆ ಉಳಿಸೋಕೆ ಸುಮ್ಮನಿದ್ಲು ಕೂಸು."

ಅದನ್ನು ಹಾಗೆಯೇ ಬಿಡಬಹುದಿತ್ತು. ಎಲ್ಲರಿಗೂ ಒಪ್ಪುವ ಕಾರಣ ಅದು, ನನಗೆ ಒಳ್ಳೆಯ ಹೆಸರೂ ಬರುತ್ತಿತ್ತು. ಆದರೆ ಅದು ಸರಿಯಲ್ಲ. ಸರಿಯಲ್ಲದ್ದನ್ನು ಕೇಳಿಕೊಂಡಿರಲು ನನಗೆ ಆಗುವುದಿಲ್ಲ.

"ಅದಕ್ಕಲ್ಲ ಅತ್ತೆ," ಎಂದೆ.

"ಮತ್ಯಾಕೆ?"

"ಹೇಳಿದ್ರೂ ಹೇಳ್ದೇ ಇದ್ರೂ ಒಂದೇ ಅನ್ನಿಸ್ತು."

ಮಾವ ಎದ್ದು ಮೆಲ್ಲಗೆ ಹೊರಗೆ ಹೋದರು. ಅತ್ತೆ ಕುರ್ಚಿಯಲ್ಲಿ ಕೂತರು. ಅವರು ನನ್ನನ್ನು ಹತ್ತಿರಕ್ಕೆ ಕರೆಯಲಿಲ್ಲ, ಅದಕ್ಕೆ ನಾನು ಕೃತಜ್ಞಳು.

"ಕಾಲೇಜು ಹೋದ್ರೂ ಸರಿ, ಹೋಗ್ದಿದ್ರೂ ಸರಿ ಅಂತಾನಾ?"

"ಹೂಂ."

"ಊಟನೂ ಹಾಗೇನಾ?"

"ಹೂಂ."

ಅವರು ಮೇಜಿನ ಮೇಲಿದ್ದ ಇ-ರೀಡರ್ ಎತ್ತಿಕೊಂಡರು. "ಇದರಲ್ಲಿ ನೀನು ಓದಿದ್ದನ್ನೇ ನಾನೂ ಓದ್ತಾ ಬಂದಿದ್ದೀನಿ. ಬೇರೆ ಹೇಗೆ ಹುಡುಕ್ಬೇಕು ಅಂತ ನಂಗೆ ಬರಲ್ವಲ್ಲ. ತೆಗೆದ್ರೆ ನೀನು ನಿಲ್ಸಿದ ಜಾಗದಲ್ಲೇ ತೆರ್ಕೊಳ್ಳುತ್ತೆ. ಮೊದಮೊದ್ಲು ಅಂದ್ಕೊಂಡೆ, ಇವಳಿಗೆ ಹಿಡಿಸಿಲ್ಲ, ಬಿಟ್ಟಿದ್ದಾಳೆ ಅಂತ. ಎಲ್ಲಾ ಪುಸ್ತಕನೂ ಹಾಗೇ. ಒಂದರಲ್ಲಿ ಮದುವೆ ನಡೀತಾ ಇರುವಾಗ ಬಿಟ್ಟಿದ್ದೀಯ. ಇನ್ನೊಂದರಲ್ಲಿ ಆ ಹುಡುಗಿ ಮನೆ ಬಾಗ್ಲು ಯಾರೋ ತಟ್ತಿದ್ದಾರೆ, ತೆಗೆಯೋಕೆ ಮುಂಚೆ ಬಿಟ್ಟಿದ್ದೀಯ. ಅಲ್ಲ ಕಣೇ, ಯಾರು ಬಂದಿದ್ದಾರೆ ಅಂತಲೂ ನೋಡ್ಬೇಕು ಅನ್ನಿಸ್ಲಿಲ್ವಾ?"

ಯಾವ ಪುಸ್ತಕ, ಯಾವ ಬಾಗಿಲು ಎಂದು ನನಗೆ ನೆನಪಾಗಲಿಲ್ಲ. "ಯಾರು ಬಂದಿದ್ರು?" ಎಂದು ಕೇಳಿದೆ.

"ಅವಳ ಅಣ್ಣ. ಓದಿದ್ರೆ ಗೊತ್ತಾಗ್ತಿತ್ತು." ಅವರು ಯಂತ್ರವನ್ನು ಕೆಳಗಿಟ್ಟರು. "ನೀನು ಮನೇಲಿ ಇದ್ರೆ ಮೈ ಸುಧಾರಿಸುತ್ತೆ ಅಂದ್ಕೊಂಡಿದ್ದೆ. ಮನೇಲಿ ಇನ್ನೂ ಹೀಗೇ ಆಗ್ತೀಯ. ಹೋಗು. ಫೋನ್ ಮಾಡು, ಬರ್ತೀನಿ ಅಂತ ಹೇಳು."

"ಬೇಳೆ ಬೆಂದಿಲ್ವಲ್ಲ."

"ಬೇಳೆ ಬೇಯೋಕೆ ನಿಮ್ಮ ಮಾವ ಬಿಟ್ರೆ ತಾನೇ? ಇಲ್ಲೇ ಕೂತು ಕಾಯ್ತೀನಿ, ಯಾವ ಮಹಾರಾಯ ಸ್ವಿಚ್ಚಿಗೆ ಕೈ ಹಾಕ್ತಾನೆ ನೋಡ್ತೀನಿ. ಕರೆಂಟ್ ನಿಜವಾಗ್ಲೂ ಹೋದ್ರೆ ಮಡಕೆ ಎತ್ತಿ ಗ್ಯಾಸಿನ ಮೇಲೆ ಬೇರೆ ಪಾತ್ರೆಗೆ ಸುರಿಯೋದು ಅವರ ಕೆಲಸ. ಅದೇ ಶಿಕ್ಷೆ." ಜಗುಲಿಯ ಕಡೆ ತಿರುಗಿ ದನಿ ಎತ್ತರಿಸಿದರು. "ಕೇಳಿಸ್ತಾ?"

"ಕೇಳಿಸ್ತು," ಎಂದು ಹೊರಗಿನಿಂದ ಬಂತು. "ಸ್ನಾನ ಮಾಡಿರ್ತೀನಲ್ಲ, ಮಾಡಬಹುದು. ದೋಷ ಇಲ್ಲ."

ನಾನು ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಬರುತ್ತೇನೆಂದೆ. ಹೇಳುವಾಗ ಸಂತೋಷವೇನೂ ಆಗಲಿಲ್ಲ. ಹೇಳಿದ ಮೇಲೆ, ಈ ಸಲ ವಾಕ್ಯ ಬಾಯಿಂದ ಹೊರಗೆ ಬಂದಿದ್ದನ್ನು ಗಮನಿಸಿದೆ.

ಕಾಲೇಜು ಶುರುವಾದ ದಿನ ಸ್ನಾನ ಮಾಡಿ ಬೇಳೆ ಇಟ್ಟು ಏಳೂವರೆಯ ಬಸ್ಸು ಹಿಡಿದೆ. ಮೊದಲ ಎರಡು ಪಾಠ ಮಾಡಿದೆ. ಹುಡುಗಿಯರು ನನ್ನ ಮುಖ ನೋಡಿ ಏನನ್ನೋ ಕೇಳಬೇಕೆಂದುಕೊಂಡು ಕೇಳಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಾ ಕೈ ನೋವಾಯಿತು. ಅಭ್ಯಾಸ ತಪ್ಪಿತ್ತು. ಸ್ಟಾಫ್ ರೂಮಿಗೆ ಬಂದು ನೋಡಿದರೆ ಮನೆಯಿಂದ ಕರೆ ಬಂದಿತ್ತು. ಕರೆಂಟ್ ಹೋಯಿತೇನೋ ಎಂದುಕೊಂಡು ವಾಪಸ್ ಮಾಡಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಒಂದು ಹುಳಿಗಾಗಿ.

"ಬೆಂದಿದೆ," ಎಂದರು ಅತ್ತೆ. "ಬೆಣ್ಣೆ ಹಾಗೆ ಬೆಂದಿದೆ. ನೈವೇದ್ಯ ಆಯ್ತು. ಕುಂಬಳಕಾಯಿ ಮಾತ್ರ ಕರಗೇ ಹೋಗಿದೆ, ಹುಡುಕಿದ್ರೂ ಒಂದು ಹೋಳು ಸಿಗ್ಲಿಲ್ಲ. ನಾಳೆಯಿಂದ ದೊಡ್ಡದಾಗಿ ಹೆಚ್ಚು. ನಿಮ್ಮ ಮಾವ ಮೂರು ಸಲ ಹಾಕಿಸ್ಕೊಂಡ್ರು, ಬಾಯ್ಬಿಟ್ಟು ಚೆನ್ನಾಗಿದೆ ಅನ್ನಲ್ಲ."

ಹಿಂದೆ ಮಾವ ಏನೋ ಹೇಳಿದ್ದು ಕೇಳಿಸಿತು. ಅತ್ತೆ ಅವರಿಗೆ ಸುಮ್ಮನಿರಲು ಹೇಳಿದರು.

ಕಿಟಕಿಯಾಚೆ ಗಂಟೆ ಹೊಡೆಯಿತು. ಮುಂದಿನ ಕ್ಲಾಸಿಗೆ ಹುಡುಗರು ಕಾರಿಡಾರಿನಲ್ಲಿ ಓಡುತ್ತಿದ್ದರು. ಫೋನ್ ಇಡುವ ಹೊತ್ತಾಗಿತ್ತು.

"ಖಾಲಿ ಮಾಡ್ಬೇಡಿ," ಎಂದೆ. "ಸಂಜೆಗೆ ನಂಗೂ ಸ್ವಲ್ಪ ಇಡಿ."